ಮೈಸೂರಿನಿಂದ ಮಸಾಯಿ ಮಾರಾಕ್ಕೆ: ಕ್ಯಾಮೆರಾ ಚೀಲ ಹೊತ್ತು ತಪಾಸಣೆಯ ಸಾಲುಗಳನ್ನು ದಾಟಿದ ಕಥೆ

ಕೀನ್ಯಾದ ವನ್ಯಪ್ರಾಣಿ ತಾಣ ಮಸಾಯಿ ಮಾರಾದಿಂದ ಮರಳಿ ಬಂದಿದ್ದೇನೆ. ಫೋಟೊ ಆರಿಸುವ ಕೆಲಸ ಹಾಗೇ ಬಿದ್ದಿದೆ, ಚೀಲದ ಮೂಲೆಮೂಲೆಯಲ್ಲಿ ಇನ್ನೂ ಅಲ್ಲಿನ ಧೂಳಿದೆ. ಆದರೂ ಮೊದಲು ಇದನ್ನು ಬರೆದು ಮುಗಿಸಬೇಕು ಅನ್ನಿಸಿತು. ಸಿಂಹದ ಫೋಟೊ ಹೇಗೆ ತೆಗೆಯಬೇಕು ಎಂದು ಹೇಳಿಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡು ಕಿಲೊ ತೂಗುವ ಲೆನ್ಸನ್ನು ಮೂರು ದೇಶಗಳ ವಿಮಾನ ನಿಲ್ದಾಣ ದಾಟಿಸಿ ಸುರಕ್ಷಿತವಾಗಿ ಮನೆಗೆ ತರುವುದು ಹೇಗೆ ಎಂದು ಹೊರಡುವ ಮೊದಲು ಕೇಳಿದಾಗ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ಎಕ್ಸ್-ರೇಯಲ್ಲಿ ಸೆನ್ಸರ್ ಹಾಳಾಗುತ್ತದೆ ಎಂದರು. ಇನ್ನೊಬ್ಬರು ಏನೂ ಆಗಲ್ಲ, ಎಲ್ಲ ಸೂಟ್‌ಕೇಸಿಗೆ ತುಂಬಿ ಕಳಿಸಿಬಿಡಿ ಎಂದರು. ಎರಡೂ ಸರಿಯಲ್ಲ.

ಡಿಜಿಟಲ್ ಕ್ಯಾಮೆರಾಕ್ಕೂ ಮೆಮೊರಿ ಕಾರ್ಡಿಗೂ ತಪಾಸಣೆಯ ಎಕ್ಸ್-ರೇಯಿಂದ ತೊಂದರೆ ಇಲ್ಲ. ನಿಜವಾಗಿ ಕಾಡುವುದು ತೂಕ, ಬ್ಯಾಟರಿ ಮತ್ತು ಕಾಗದಪತ್ರ. ಈ ಮೂರನ್ನೂ ಮನೆಯಲ್ಲೇ ಕುಳಿತು ಬಗೆಹರಿಸಿಕೊಳ್ಳಬಹುದು. ವಿಮಾನ ನಿಲ್ದಾಣದಲ್ಲಿ ನಿಂತು ಬಗೆಹರಿಸುವುದು ಬಹಳ ಕಷ್ಟ.

ಮೊದಲು ತೂಕದ ವಿಷಯ. ಬೆಂಗಳೂರಿನಿಂದ ನೈರೋಬಿಗೆ ನಾವು ಗಲ್ಫ್‌ನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸುವ ಟಿಕೆಟ್ ತೆಗೆದುಕೊಂಡಿದ್ದೆವು. ಕೈಚೀಲಕ್ಕೆ 7 ಕಿಲೊ ಮಿತಿ. ಅಡುಗೆಮನೆಯ ತಕ್ಕಡಿ ಮೇಜಿನ ಮೇಲಿಟ್ಟು ಒಂದೊಂದನ್ನೇ ತೂಗಿದೆ. ನಿಕಾನ್ ಝಡ್ 8 ಬ್ಯಾಟರಿ, ಕಾರ್ಡು ಸೇರಿ 910 ಗ್ರಾಂ. ಎರಡನೆಯ ಕ್ಯಾಮೆರಾ ಝಡ್ 6 ಮಾರ್ಕ್ 2, 705 ಗ್ರಾಂ. 180-600 ಮಿ.ಮೀ. ಲೆನ್ಸು ಅದರ ಕಾಲರ್ (ಟ್ರೈಪಾಡಿಗೆ ಸಿಗಿಸುವ ಬಳೆ) ಸಮೇತ 2,140 ಗ್ರಾಂ. 70-200 ಎಫ್ 2.8 ಲೆನ್ಸು 1,440 ಗ್ರಾಂ. 24-120 ಲೆನ್ಸು 630 ಗ್ರಾಂ. ಇಷ್ಟಕ್ಕೇ 5 ಕಿಲೊ 825 ಗ್ರಾಂ ಆಯಿತು. ದಪ್ಪ ಪ್ಯಾಡಿಂಗಿನ ಕ್ಯಾಮೆರಾ ಚೀಲವೇ ಎರಡು ಕಿಲೊ ದಾಟುತ್ತದೆ. ಚಾರ್ಜರು, ಬ್ಯಾಟರಿ, ಹಾರ್ಡ್ ಡಿಸ್ಕು, ಟ್ಯಾಬ್ಲೆಟ್ ಇನ್ನೂ ಹೊರಗೇ ಇದ್ದವು.

70-200 ಬಿಟ್ಟೆ. ಬಹಳ ಪ್ರೀತಿಯ ಲೆನ್ಸು, ಕಬಿನಿಯ ಆನೆ ಹಿಂಡುಗಳನ್ನೆಲ್ಲ ಅದರಲ್ಲೇ ತೆಗೆದದ್ದು. ಕಪಾಟಿನಲ್ಲಿ ವಾಪಸ್ಸು ಇಡುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಆದರೆ ಅದೊಂದನ್ನು ಬಿಟ್ಟರೆ ಉಳಿದದ್ದು 4 ಕಿಲೊ 385 ಗ್ರಾಂ. ದಪ್ಪ ಚೀಲದ ಬದಲು ಒಂದು ಸಾಧಾರಣ ಬೆನ್ನುಚೀಲದೊಳಗೆ ಪ್ಯಾಡಿಂಗಿನ ಒಳಪೆಟ್ಟಿಗೆ ಕೂರಿಸಿದೆ. ಇದರಿಂದ ಇನ್ನೊಂದು ಲಾಭವೂ ಇದೆ: ನೋಡಿದವರಿಗೆ ಕ್ಯಾಮೆರಾ ಚೀಲ ಅನ್ನಿಸುವುದಿಲ್ಲ.

ಹೋಗುವವರಿಗೆ ಇಲ್ಲೇ ಒಂದು ಮಾತು. ಟ್ರೈಪಾಡ್ ಒಯ್ಯಬೇಡಿ. ಸಫಾರಿ ಗಾಡಿಯಲ್ಲಿ ಅದನ್ನು ನಿಲ್ಲಿಸಲು ಜಾಗವಿಲ್ಲ, ಗಾಡಿಯಿಂದ ಇಳಿಯಲು ಬಿಡುವುದಿಲ್ಲ. ಬೇಕೇ ಬೇಕೆಂದರೆ ಚೆಕ್-ಇನ್ ಸಾಮಾನಿನಲ್ಲಿ ಹಾಕಿ. ಕೈಚೀಲದಲ್ಲಿದ್ದರೆ ಬಿಡುವುದೂ ಬಿಡದಿರುವುದೂ ಆ ಹೊತ್ತಿಗೆ ಅಲ್ಲಿರುವ ಅಧಿಕಾರಿಯ ವಿವೇಚನೆ. ಒಂಟಿಕಾಲಿನ ಮಾನೊಪಾಡ್‌ಗೂ ಇದೇ ಮಾತು, ಅದು ನೋಡಲು ದೊಣ್ಣೆಯೇ. ಸ್ಕ್ರೂಡ್ರೈವರ್, ಆಲನ್ ಕೀ, ಪುಟ್ಟ ಚಾಕು ಎಲ್ಲ ಕೆಳಗೆ ಹೋಗುವ ಪೆಟ್ಟಿಗೆಗೇ. ಧೂಳು ಊದುವ ರಬ್ಬರ್ ಬ್ಲೋವರ್ ಕೈಚೀಲದಲ್ಲಿ ಇರಬಹುದು. ಒತ್ತಡದ ಗಾಳಿ ತುಂಬಿದ ಸ್ಪ್ರೇ ಡಬ್ಬಿ ಎಲ್ಲೂ ಬೇಡ. ಸಫಾರಿಗೆ ಬೇಕಾದದ್ದು ಬೀನ್‌ಬ್ಯಾಗ್, ಎಂದರೆ ಲೆನ್ಸಿಗೆ ಆಸರೆಯಾಗುವ ಕಾಳು ತುಂಬಿದ ಚೀಲ. ಅದನ್ನು ಖಾಲಿ ಒಯ್ದು ಅಲ್ಲಿ ಕಾಳು ತುಂಬಿಸಿಕೊಳ್ಳಬೇಕು. ನಮ್ಮ ಕ್ಯಾಂಪಿನವರೇ ಒಂದು ಡಬ್ಬ ಹುರುಳಿಕಾಯಿ ಬೀಜ ಕೊಟ್ಟರು.

ಇನ್ನು ಬ್ಯಾಟರಿ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಯಾವ ಕಾರಣಕ್ಕೂ ಇರಕೂಡದು. ಇದು ಒಂದು ದೇಶದ ನಿಯಮವಲ್ಲ, ಜಗತ್ತಿನ ಎಲ್ಲ ಕಡೆ ಹೀಗೇ. ಕಾರಣ ಸರಳ: ಕ್ಯಾಬಿನ್ನಿನಲ್ಲಿ ಹೊಗೆ ಬಂದರೆ ಸಿಬ್ಬಂದಿ ಕೂಡಲೇ ನೋಡಿ ಆರಿಸಬಹುದು, ಕೆಳಗೆ ಸಾಮಾನಿನ ನಡುವೆ ಹತ್ತಿಕೊಂಡರೆ ಆಗುವುದಿಲ್ಲ. ಮಿತಿಯನ್ನು ವ್ಯಾಟ್-ಅವರ್ ಲೆಕ್ಕದಲ್ಲಿ ಹೇಳುತ್ತಾರೆ. 100ರವರೆಗೆ ಯಾರ ಅನುಮತಿಯೂ ಬೇಡ. 100ರಿಂದ 160ರವರೆಗಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಅದೂ ಬಿಡಿಯಾಗಿ ಎರಡೇ. ಅದಕ್ಕೂ ಮೇಲಿನದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.

ಈ ಲೆಕ್ಕ ಕಂಡು ಗಾಬರಿಯಾಗಬೇಡಿ. ಬ್ಯಾಟರಿ ಮೇಲೆ ಬರೆದಿರುವ ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ಮುಗಿಯಿತು. ನನ್ನ ನಿಕಾನ್ ಬ್ಯಾಟರಿ 7 ವೋಲ್ಟ್, 2280 ಮಿಲಿಆಂಪಿಯರ್-ಅವರ್, ಎಂದರೆ 2.28 ಆಂಪಿಯರ್-ಅವರ್. ಅಂದರೆ 7ನ್ನು 2.28ರಿಂದ ಗುಣಿಸಿದರೆ ಸುಮಾರು 16 ವ್ಯಾಟ್-ಅವರ್. ಕ್ಯಾನನ್, ಸೋನಿಯ ಈ ಗಾತ್ರದ ಬ್ಯಾಟರಿಗಳೂ ಹೆಚ್ಚುಕಡಿಮೆ ಅಷ್ಟೇ. 20,000 ಮಿಲಿಆಂಪಿಯರ್-ಅವರ್‌ನ ಪವರ್ ಬ್ಯಾಂಕ್ 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್. ಎಂದರೆ ನಮ್ಮಂಥವರ ಕ್ಯಾಮೆರಾ ಬ್ಯಾಟರಿಗಳು ಮಿತಿಯ ಹತ್ತಿರವೂ ಬರುವುದಿಲ್ಲ. ತೊಂದರೆ ಬರುವುದು ದೊಡ್ಡ ವಿಡಿಯೊ ಬ್ಯಾಟರಿಗಳಲ್ಲಿ. ಪವರ್ ಬ್ಯಾಂಕ್ ವಿಷಯದಲ್ಲಂತೂ ಹೊರಡುವ ವಾರ ನಿಮ್ಮ ವಿಮಾನ ಸಂಸ್ಥೆಯ ನಿಯಮ ಓದಿಕೊಳ್ಳಿ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ನಿಂತಿದ್ದ ವಿಮಾನವೊಂದು ಹೊತ್ತಿ ಉರಿದ ಮೇಲೆ ಒಂದೊಂದೇ ಸಂಸ್ಥೆ ನಿಯಮ ಬಿಗಿ ಮಾಡಿವೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಲ್ಲಿಸಿತು. ಒಬ್ಬರಿಗೆ ಒಂದೇ, ಅದೂ ತಲೆಯ ಮೇಲಿನ ಕಪಾಟಿನಲ್ಲಿ ಇಡುವಂತಿಲ್ಲ.

ನಾನು ಮಾಡಿದ್ದಿಷ್ಟು. ಪ್ರತಿ ಬ್ಯಾಟರಿಯ ಲೋಹದ ತುದಿಗಳು ಒಂದಕ್ಕೊಂದು ತಾಗದಂತೆ ಪ್ಲಾಸ್ಟಿಕ್ ಟೋಪಿ ಹಾಕಿದೆ, ಟೋಪಿ ಕಳೆದುಹೋಗಿದ್ದವಕ್ಕೆ ಎಲೆಕ್ಟ್ರಿಕಲ್ ಟೇಪ್ ಅಂಟಿಸಿದೆ. ಎಲ್ಲವನ್ನೂ ಒಂದೇ ಬಟ್ಟೆಯ ಪೌಚಿನಲ್ಲಿಟ್ಟು, ಆ ಪೌಚನ್ನು ಚೀಲದ ಮೇಲ್ಭಾಗದಲ್ಲಿ, ಒಂದೇ ಸಲಕ್ಕೆ ಕೈಗೆ ಸಿಗುವಂತೆ ಇಟ್ಟೆ. ಈ ಪೌಚು ಮುಂದೆ ನನ್ನನ್ನು ಹೇಗೆ ಕಾಪಾಡಿತು ಎಂದು ಹೇಳುತ್ತೇನೆ.

ಕಾಗದಪತ್ರಕ್ಕೆ ಬರೋಣ. ಹೆಚ್ಚಿನವರು ಮರೆಯುವುದು ಇದನ್ನೇ. ಹೊರಗೆ ಹೋಗುವಾಗ ಯಾರೂ ಕೇಳುವುದಿಲ್ಲ. ಬರುವಾಗ, ಈ ಲೆನ್ಸನ್ನು ಹೊರದೇಶದಲ್ಲಿ ಕೊಂಡು ತಂದಿದ್ದೀರಾ ಎಂಬ ಪ್ರಶ್ನೆ ಏಳಬಹುದು. ಇಲ್ಲಿಂದಲೇ ಒಯ್ದದ್ದು ಎಂದು ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. 2026ರ ಫೆಬ್ರುವರಿ ಆರಂಭದವರೆಗೆ ಜಾರಿಯಲ್ಲಿದ್ದ 2016ರ ಬ್ಯಾಗೇಜ್ ನಿಯಮಗಳ ಪ್ರಕಾರ ಸುಂಕವಿಲ್ಲದೆ ತರಬಹುದಾದ ಮಿತಿ 50,000 ರೂಪಾಯಿ ಇತ್ತು, ಅದನ್ನು ಮೀರಿದ ಮೌಲ್ಯಕ್ಕೆ ಮೇಲ್ತೆರಿಗೆ ಸೇರಿ ಶೇ. 38.5 ಇತ್ತು. ಒಂದೂವರೆ ಲಕ್ಷದ ಲೆನ್ಸಿಗೆ ಆ ಲೆಕ್ಕ ಹಾಕಿದರೆ 38,500 ರೂಪಾಯಿ ಆಗುತ್ತಿತ್ತು. ಮಿತಿ, ದರಗಳನ್ನು ಸರ್ಕಾರ ಆಗಾಗ ಪರಿಷ್ಕರಿಸುತ್ತದೆ, ಹೊರಡುವ ಮುನ್ನ ಕಸ್ಟಮ್ಸ್ ಇಲಾಖೆಯ ಜಾಲತಾಣದಲ್ಲಿ ಆಗಿನ ಅಂಕಿ ನೋಡಿಕೊಳ್ಳಿ. ನಮ್ಮದೇ ವಸ್ತುವಿಗೆ ನಾವೇ ಮತ್ತೆ ದುಡ್ಡು ಕೊಡುವ ಪರಿಸ್ಥಿತಿ ಬರಬಾರದೆಂದರೆ ಹೊರಡುವಾಗಲೇ ಕಸ್ಟಮ್ಸ್‌ನಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು. ಇದಕ್ಕೆ ಶುಲ್ಕವಿಲ್ಲ.

ಮನೆಯಲ್ಲಿ ಒಂದು ಪಟ್ಟಿ ಟೈಪ್ ಮಾಡಿದೆ: ವಸ್ತುವಿನ ಹೆಸರು, ಕಂಪನಿ, ಮಾದರಿ, ಸೀರಿಯಲ್ ನಂಬರು, ಕೊಂಡ ವರ್ಷ, ಬೆಲೆ. ಲೆನ್ಸಿನ ಸೀರಿಯಲ್ ನಂಬರು ಕ್ಯಾಮೆರಾಕ್ಕೆ ಕೂರಿಸುವ ಮೌಂಟಿನ ಹತ್ತಿರ ಸಣ್ಣದಾಗಿ ಕೊರೆದಿರುತ್ತದೆ, ಓದಲು ಟಾರ್ಚು ಬೇಕಾಯಿತು. ಪ್ರತಿಯೊಂದರ ನಂಬರು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟೆ. ಬಿಲ್ಲುಗಳ ಪ್ರತಿ ಪಟ್ಟಿಯ ಹಿಂದೆ ಸೇರಿಸಿದೆ. 24-120 ಲೆನ್ಸನ್ನು ಮೈಸೂರಿನ ಪರಿಚಯದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಬಿಲ್ಲು ಅವರ ಹೆಸರಿನಲ್ಲಿತ್ತು. ಅವರ ಮನೆಗೇ ಹೋಗಿ, ಇಂಥ ದಿನ ಇವರಿಗೆ ಮಾರಿದ್ದೇನೆ ಎಂದು ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಂಡು ಬಂದೆ. ಕಾಫಿ ಕುಡಿಸಿಯೇ ಕಳಿಸಿದರು.

ಹಣಕ್ಕಾಗಿ ಚಿತ್ರೀಕರಣಕ್ಕೆ ಹೋಗುವವರ ದಾರಿ ಬೇರೆ. ಅವರಿಗೆ ಉಪಕರಣಗಳನ್ನು ಸುಂಕವಿಲ್ಲದೆ ತಾತ್ಕಾಲಿಕವಾಗಿ ಒಯ್ದು ತರಲು ಎಟಿಎ ಕಾರ್ನೆ ಎಂಬ ದಾಖಲೆ ಇದೆ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮಗಳ ಒಕ್ಕೂಟವಾದ ಎಫ್‌ಐಸಿಸಿಐ. ಆ ವ್ಯವಸ್ಥೆಗೆ ಸೇರಿದ ದೇಶಗಳಲ್ಲಿ ಮಾತ್ರ ಅದು ನಡೆಯುತ್ತದೆ. ನಮ್ಮಂಥ ಹವ್ಯಾಸಿಗಳಿಗೆ ಅದರ ಅಗತ್ಯವಿಲ್ಲ.

ಡ್ರೋನ್ ಒಯ್ಯುವ ಆಸೆ ಇದ್ದರೆ ಬಿಟ್ಟುಬಿಡಿ. ಕೀನ್ಯಾದಲ್ಲಿ ಮುಂಚಿತ ಅನುಮತಿ ಇಲ್ಲದೆ ಡ್ರೋನ್ ತಂದರೆ ವಿಮಾನ ನಿಲ್ದಾಣದಲ್ಲೇ ಇಟ್ಟುಕೊಳ್ಳುತ್ತಾರೆ. ಭಾರತವೂ 2022ರ ಫೆಬ್ರುವರಿಯಿಂದ ವಿದೇಶಿ ಡ್ರೋನುಗಳ ಆಮದನ್ನು ನಿಷೇಧಿಸಿದೆ, ಹಾಗಾಗಿ ವಾಪಸ್ಸು ಬರುವಾಗಲೂ ತಲೆನೋವು ತಪ್ಪಿದ್ದಲ್ಲ.

ಕ್ಯಾಮೆರಾಕ್ಕೆ ಸಂಬಂಧವಿಲ್ಲದಿದ್ದರೂ ಕೀನ್ಯಾಕ್ಕೆ ಹೋಗುವವರು ಮರೆಯಬಾರದ ಇನ್ನೆರಡು ಕಾಗದ ಇವೆ. ಒಂದು ಇ-ಟಿಎ, ಎಂದರೆ ದೇಶದೊಳಗೆ ಬರಲು ಬೇಕಾದ ಅನುಮತಿ, 30 ಡಾಲರ್, ಆನ್‌ಲೈನಿನಲ್ಲೇ ಆಗುತ್ತದೆ. ಇನ್ನೊಂದು ಹಳದಿ ಜ್ವರದ ಲಸಿಕೆಯ ಪುಸ್ತಕ. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಅದು ಊರ್ಜಿತ. ಅದಿಲ್ಲದೆ ಮರಳಿದರೆ ಇಲ್ಲಿ ಕ್ವಾರಂಟೈನ್ ಮಾಡುತ್ತಾರೆ. ಬೆಂಗಳೂರಿನಲ್ಲಿ ಕೆ.ಆರ್. ಸರ್ಕಲ್ ಬಳಿಯ ಸಾರ್ವಜನಿಕ ಆರೋಗ್ಯ ಸಂಸ್ಥೆಯಲ್ಲಿ ಲಸಿಕೆ ಹಾಕುತ್ತಾರೆ. ದಿನ, ಸಮಯ ಮೊದಲೇ ವಿಚಾರಿಸಿಕೊಂಡು ಹೋಗಿ. ಒಮ್ಮೆ ಹಾಕಿಸಿದರೆ ಜೀವಮಾನವಿಡೀ ನಡೆಯುತ್ತದೆ.

ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಹಿಡಿದೆವು. ಜೊತೆಗೆ ನನ್ನ ಗೆಳೆಯ. ಅವನು ಡಿಜಿಟಲ್ ಜೊತೆಗೆ ಫಿಲ್ಮ್ ಕ್ಯಾಮೆರಾವನ್ನೂ ಹಿಡಿದು ಬಂದಿದ್ದ, 400 ಐಎಸ್‌ಒನ (ಬೆಳಕಿಗೆ ಫಿಲ್ಮು ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಕೊಡಾಕ್ ಕಪ್ಪುಬಿಳುಪು ರೋಲುಗಳು. ಸಾಮಾನಿನ ಕೋಣೆಗೆ ಯಾರೂ ಬ್ಯಾಗು ಕೊಡಲಿಲ್ಲ, ಇಬ್ಬರೂ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತೆವು. ನಿದ್ದೆ ಬರಲಿಲ್ಲ. ವರ್ಷಗಟ್ಟಲೆ ಸಂಬಳದಿಂದ ಉಳಿಸಿ ಒಂದೊಂದಾಗಿ ಕೊಂಡ ವಸ್ತುಗಳು, ಅವು ನನ್ನ ಕಣ್ಣಿನಿಂದ ದೂರವಾಗುವ ಕ್ಷಣಗಳನ್ನೇ ನೆನೆಯುತ್ತ ಮನಸ್ಸು ಭಾರವಾಗಿತ್ತು.

ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ಬನ್ನಿ ಎನ್ನುತ್ತಾರೆ. ಕಸ್ಟಮ್ಸ್ ಸರ್ಟಿಫಿಕೇಟ್ ಮಾಡಿಸುವವರು ಇನ್ನೊಂದು ಗಂಟೆ ಸೇರಿಸಿಕೊಳ್ಳಿ. ಚೆಕ್-ಇನ್ ಕೌಂಟರಿನಲ್ಲೇ ಕಸ್ಟಮ್ಸ್ ಎಲ್ಲಿದೆ ಎಂದು ಕೇಳಿದೆ. ಇಮಿಗ್ರೇಶನ್ ಮುದ್ರೆ ಬೀಳುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಿ. ಯಾವುದಾದರೂ ವಸ್ತು ಚೆಕ್-ಇನ್ ಪೆಟ್ಟಿಗೆಯಲ್ಲಿದ್ದರೆ ಅದನ್ನು ಒಪ್ಪಿಸುವ ಮೊದಲೇ ಅಧಿಕಾರಿಗೆ ತೋರಿಸಬೇಕು, ಏಕೆಂದರೆ ಅವರು ಕಣ್ಣಾರೆ ನೋಡದೆ ಬರೆದುಕೊಡುವುದಿಲ್ಲ. ಮೇಜಿನ ಬಳಿ ಅಧಿಕಾರಿ ಇರಲಿಲ್ಲ, ಕಾದೆವು. ಬಂದವರು ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್, ಪಟ್ಟಿ ತೆಗೆದುಕೊಂಡು ಒಂದೊಂದೇ ವಸ್ತುವನ್ನು ತೆಗೆಸಿ ನಂಬರು ತಾಳೆ ನೋಡಿದರು. ಟೈಪ್ ಮಾಡಿದ ಪಟ್ಟಿ ಕಂಡು, ಇದನ್ನು ಎಲ್ಲರೂ ತಂದರೆ ನಮಗೂ ಸುಲಭ ಎಂದರು. ಗೆಳೆಯನ ಹಳೆಯ ಲೆನ್ಸೊಂದಕ್ಕೆ ಬಿಲ್ಲೇ ಇರಲಿಲ್ಲ. ಅವನ ಮುಖ ಬಾಡಿತು. ಅಧಿಕಾರಿ ಲೆನ್ಸನ್ನು ತಿರುಗಿಸಿ ನೋಡಿ, ಸವೆದ ಬಣ್ಣ, ನಂಬರು ಎಲ್ಲ ಪರೀಕ್ಷಿಸಿ, ಅಂದಾಜು ಬೆಲೆ ಹಾಕಿ ಪಟ್ಟಿಗೆ ಸೇರಿಸಿದರು. ಮುದ್ರೆ ಬಿದ್ದ ಕಾಗದ ಕೈಗೆ ಬಂದಾಗ ಅರ್ಧ ಭಾರ ಇಳಿಯಿತು. ಅದರ ಫೋಟೊ ತೆಗೆದು ಮನೆಗೆ ಕಳಿಸಿ, ಮೂಲಪ್ರತಿಯನ್ನು ಪಾಸ್‌ಪೋರ್ಟಿನ ಜೊತೆಗಿಟ್ಟೆ.

ಭದ್ರತಾ ತಪಾಸಣೆಯಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಕ್ಯಾಮೆರಾ, ದೊಡ್ಡ ಲೆನ್ಸು, ಚಾರ್ಜರು, ಬ್ಯಾಟರಿ ಪೌಚು ಎಲ್ಲವನ್ನೂ ಹೊರಗೆ ತೆಗೆಯಲು ಹೇಳಿದರು. ಬೇರೆ ಬೇರೆ ಟ್ರೇಗಳಲ್ಲಿ ಹರಡಿದೆವು. ಇಲ್ಲಿ ನಾನು ಪಾಲಿಸಿದ ಕ್ರಮ ಹೇಳುತ್ತೇನೆ, ನಿಮಗೂ ಅನುಕೂಲವಾಗಬಹುದು. ಮೊದಲು ಬಟ್ಟೆ, ಬೆಲ್ಟು, ಮೊಬೈಲಿನ ಟ್ರೇ ಬಿಡಿ, ಕ್ಯಾಮೆರಾ ಟ್ರೇಗಳು ಕೊನೆಗೆ. ನಿಮ್ಮ ಮೈತಪಾಸಣೆಯ ಸಾಲು ಮುಂದೆ ಸರಿಯುವವರೆಗೆ ಕ್ಯಾಮೆರಾ ಟ್ರೇಯನ್ನು ಯಂತ್ರದೊಳಗೆ ತಳ್ಳಬೇಡಿ. ಇಬ್ಬರಿದ್ದರೆ ಒಬ್ಬರು ಮೊದಲು ದಾಟಿ ಆ ಕಡೆ ನಿಲ್ಲಿ, ಮತ್ತೊಬ್ಬರು ಈ ಕಡೆಯಿಂದ ಟ್ರೇ ಬಿಡಿ. ಕ್ಯಾಮೆರಾದೊಳಗೆ ಚಾರ್ಜ್ ಆದ ಬ್ಯಾಟರಿ ಇರಲಿ, ಆನ್ ಮಾಡಿ ತೋರಿಸಿ ಎನ್ನಬಹುದು. ನನಗೆ ಹೇಳಿದರು, ತೋರಿಸಿದೆ. ಒಂದು ಸಣ್ಣ ತುಂಡಿನಿಂದ ಲೆನ್ಸನ್ನು ಒರೆಸಿ, ಆ ತುಂಡನ್ನು ಯಂತ್ರಕ್ಕಿಟ್ಟು ಸ್ಫೋಟಕದ ಕಣ ಇದೆಯೇ ಎಂದೂ ನೋಡಿದರು. ತೋಟಕ್ಕೆ ಗೊಬ್ಬರ ಹಾಕಿದ ಕೈ, ಗ್ಲಿಸರಿನ್ ಇರುವ ಲೋಷನ್ ಹಚ್ಚಿದ ಕೈ ಈ ಪರೀಕ್ಷೆಯಲ್ಲಿ ಸುಳ್ಳು ಎಚ್ಚರಿಕೆ ಬರಿಸಬಹುದು. ಹೊರಡುವ ಹಿಂದಿನ ದಿನ ಉಪಕರಣಗಳನ್ನೂ ಚೀಲವನ್ನೂ ಚೆನ್ನಾಗಿ ಒರೆಸಿಟ್ಟರೆ ಒಳ್ಳೆಯದು.

ಫಿಲ್ಮಿನದು ಬೇರೆಯೇ ಕಥೆ. ಈಗ ಹಲವು ನಿಲ್ದಾಣಗಳಿಗೆ ಬರುತ್ತಿರುವ, ಆಸ್ಪತ್ರೆಯ ಸಿಟಿ ಸ್ಕ್ಯಾನಿನಂಥ ಸ್ಕ್ಯಾನರುಗಳು ತೊಳೆಯದ ಫಿಲ್ಮನ್ನು ಮಸುಕಾಗಿಸುತ್ತವೆ, ಕೊಡಾಕ್ ಕಂಪನಿಯೇ ಅದರಲ್ಲಿ ಹಾಕಬೇಡಿ ಎನ್ನುತ್ತದೆ. ಚೆಕ್-ಇನ್ ಪೆಟ್ಟಿಗೆಯನ್ನು ನೋಡುವ ಯಂತ್ರವಂತೂ ಇನ್ನೂ ತೀಕ್ಷ್ಣ. ಗೆಳೆಯ ರೋಲುಗಳನ್ನು ರಟ್ಟಿನ ಡಬ್ಬದಿಂದ ತೆಗೆದು ಪಾರದರ್ಶಕ ಚೀಲದಲ್ಲಿಟ್ಟುಕೊಂಡಿದ್ದ. ಯಂತ್ರದ ಬಳಿ ಹೋಗುವ ಮೊದಲೇ, ಕೈಯಿಂದ ನೋಡಿ ಎಂದು ವಿನಯವಾಗಿ ಕೇಳಿದ. ಯುವ ಸಿಬ್ಬಂದಿಯೊಬ್ಬರು ಮೇಲಧಿಕಾರಿಯನ್ನು ಕರೆದರು, ಅವರು ಒಂದೆರಡು ರೋಲು ತಿರುಗಿಸಿ ನೋಡಿ ಬಿಟ್ಟರು. ಎಲ್ಲ ಕಡೆ ಒಪ್ಪುತ್ತಾರೆಂದಲ್ಲ. ಸಾಲು ಉದ್ದವಿಲ್ಲದಾಗ ಕೇಳಿದರೆ ಸಿಗುವ ಸಾಧ್ಯತೆ ಹೆಚ್ಚು.

ನಿಜವಾದ ಪರೀಕ್ಷೆ ಎದುರಾದದ್ದು ವಿಮಾನ ಬದಲಿಸುವಲ್ಲಿ. ಮೊದಲು ಅಲ್ಲಿನ ತಪಾಸಣೆಯಲ್ಲಿ ಗೆಳೆಯನ ಪವರ್ ಬ್ಯಾಂಕ್ ಹೋಯಿತು. ಅದು 10,000 ಮಿಲಿಆಂಪಿಯರ್-ಅವರ್‌ನದು, ಮಿತಿಗಿಂತ ಬಹಳ ಕಡಿಮೆ. ಆದರೆ ಅದರ ಮೇಲಿನ ಅಕ್ಷರಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಅಂಕಿ ಕಾಣದಿದ್ದರೆ ನಾವು ನಂಬುವುದು ಹೇಗೆ ಎಂದರು. ವಾದ ನಡೆಯಲಿಲ್ಲ, ಡಬ್ಬಕ್ಕೆ ಹೋಯಿತು. ಅಕ್ಷರ ಅಳಿಸಿದ ಬ್ಯಾಟರಿ ನಿಮ್ಮಲ್ಲಿದ್ದರೆ ಮನೆಯಲ್ಲೇ ಬಿಡಿ, ಅಗ್ಗದ ಬೇರೆ ಕಂಪನಿಯ ಕ್ಯಾಮೆರಾ ಬ್ಯಾಟರಿಗಳ ಮೇಲೂ ವೋಲ್ಟು, ಆಂಪಿಯರು ಸ್ಪಷ್ಟವಾಗಿ ಅಚ್ಚಾಗಿದೆಯೇ ನೋಡಿಕೊಳ್ಳಿ.

ಆಮೇಲೆ ಗೇಟು. ಬೆಂಗಳೂರಿನಲ್ಲಿ ಕೈಚೀಲ ತೂಗಿರಲಿಲ್ಲ. ಇಲ್ಲಿ ವಿಮಾನ ತುಂಬಿತ್ತು, ಗೇಟಿನ ಮುಂದೆಯೇ ತಕ್ಕಡಿ ಇಟ್ಟಿದ್ದರು. ನನ್ನ ಚೀಲ ಟ್ಯಾಬ್ಲೆಟ್, ಚಾರ್ಜರುಗಳೆಲ್ಲ ಸೇರಿ 7 ಕಿಲೊ ದಾಟಿತು, ಗೆಳೆಯನದು ಹತ್ತರ ಹತ್ತಿರ. ಎರಡೂ ಕೆಳಗೆ ಹೋಗಬೇಕು ಎಂದು ಸಿಬ್ಬಂದಿ ಟ್ಯಾಗ್ ಕೈಗೆತ್ತಿಕೊಂಡರು. ಒಳಗಿರುವುದು ಕ್ಯಾಮೆರಾ, ಒಡೆಯುತ್ತದೆ ಎಂದೆವು. ನಿಯಮ ನಿಯಮವೇ ಎಂದರು. ಹಿಂದೆ ಸಾಲು ಬೆಳೆಯುತ್ತಿತ್ತು, ಜನ ನಮ್ಮನ್ನೇ ನೋಡುತ್ತಿದ್ದರು. ಗಂಟಲು ಒಣಗಿತು. ಆ ಕ್ಷಣದಲ್ಲಿ ಸಿಟ್ಟು ಬರುತ್ತದೆ, ಧ್ವನಿ ಏರುತ್ತದೆ, ಏರಿಸಬೇಡಿ. ಅವರ ಕೈಯಲ್ಲಿ ನಮ್ಮನ್ನು ಹತ್ತಿಸದಿರುವ ಅಧಿಕಾರವಿದೆ.

ನಾನು ಹೇಳಿದ್ದು ಒಂದೇ ಮಾತು: ಒಳಗೆ ಬಿಡಿ ಲಿಥಿಯಂ ಬ್ಯಾಟರಿಗಳಿವೆ, ಅವು ಕೆಳಗೆ ಹೋಗುವಂತಿಲ್ಲ, ತೆಗೆಯಲು ಎರಡು ನಿಮಿಷ ಕೊಡಿ. ಇದು ಅವರಿಗೂ ಗೊತ್ತಿರುವ ನಿಯಮ, ಕೂಡಲೇ ಪಕ್ಕಕ್ಕೆ ನಿಲ್ಲಲು ಬಿಟ್ಟರು. ಪೌಚು ಕೈಗೆ ಬಂತು. ಅದರ ಜೊತೆಗೇ ಝಡ್ 8ಕ್ಕೆ ದೊಡ್ಡ ಲೆನ್ಸು ಹಾಕಿ ಕೊರಳಿಗೆ ನೇತುಹಾಕಿಕೊಂಡೆ. ಜೇಬುಗಳಿರುವ ಫೋಟೊಗ್ರಾಫರ್ ಜಾಕೆಟ್ ತೊಟ್ಟಿದ್ದೆ. ಎರಡನೆಯ ಕ್ಯಾಮೆರಾ, ಸಣ್ಣ ಲೆನ್ಸು, ಕಾರ್ಡುಗಳು ಅದರ ಜೇಬಿಗೆ ಹೋದವು. ಚೀಲವನ್ನು ಮತ್ತೆ ತಕ್ಕಡಿಗಿಟ್ಟರೆ 7ಕ್ಕಿಂತ ಎಷ್ಟೋ ಕಡಿಮೆ. ಹೋಗಿ ಎಂದರು. ಗೆಳೆಯನ ಚೀಲ ಮಾತ್ರ ಗಾತ್ರದಲ್ಲೂ ದೊಡ್ಡದು, ಬಿಡಲಿಲ್ಲ. ಅವನು ಬ್ಯಾಟರಿ, ಫಿಲ್ಮು, ಕ್ಯಾಮೆರಾ, ಮುಖ್ಯ ಲೆನ್ಸು ತೆಗೆದುಕೊಂಡು ಉಳಿದದ್ದನ್ನು ಕೊಟ್ಟುಬಿಟ್ಟ. ವಿಮಾನ ಮೇಲೇರುವವರೆಗೂ ಅವನು ಮಾತನಾಡಲಿಲ್ಲ.

ನೈರೋಬಿಯ ಬೆಲ್ಟಿನ ಮುಂದೆ ಬಹಳ ಹೊತ್ತು ನಿಂತೆವು. ಅವನ ಚೀಲ ಬಂತು, ಒಳಗೆ ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರೊಂದು ಸೀಳಿತ್ತು. ಅದೇ ಜಾಗದಲ್ಲಿ ಲೆನ್ಸು ಇದ್ದಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕ್ಯಾಮೆರಾಕ್ಕೆ ಬೇರೆಯೇ ವಿಮೆ ಮಾಡಿಸುವವರು, ಆ ಪಾಲಿಸಿ ಹೊರದೇಶದಲ್ಲೂ ನಡೆಯುತ್ತದೆಯೇ, ಚೆಕ್-ಇನ್ ಸಾಮಾನಿಗೂ ಅನ್ವಯಿಸುತ್ತದೆಯೇ ಎಂದು ಓದಿ ಸಹಿ ಹಾಕಿ. ಸಾಧಾರಣ ಪ್ರವಾಸ ವಿಮೆಯಲ್ಲಿ ಒಂದು ವಸ್ತುವಿಗೆ ಕೊಡುವ ಮೊತ್ತ ಲೆನ್ಸಿನ ಬೆಲೆಯ ಹತ್ತಿರವೂ ಬರುವುದಿಲ್ಲ.

ಜೋಮೊ ಕೆನ್ಯಾಟ್ಟಾ ನಿಲ್ದಾಣದಿಂದ ಹೊರಬರುವಾಗಲೂ ಚೀಲಗಳನ್ನು ಯಂತ್ರಕ್ಕೆ ಹಾಕಿಸಿದರು. ಅಧಿಕಾರಿ ಕೇಳಿದ ಮೊದಲ ಪ್ರಶ್ನೆಯೇ ಡ್ರೋನ್ ಇದೆಯಾ ಎಂದು. ಇಲ್ಲ ಎಂದಾಗ ಲೆನ್ಸು ನೋಡಿ, ಸಿನಿಮಾ ತೆಗೆಯಲು ಬಂದಿರಾ ಎಂದರು. ಪ್ರವಾಸಿಗಳು, ಸ್ವಂತಕ್ಕೆ ಎಂದು ಹೇಳಿ ಸೀರಿಯಲ್ ನಂಬರಿನ ಪಟ್ಟಿ, ಮರಳುವ ಟಿಕೆಟ್, ಕ್ಯಾಂಪಿನ ಬುಕಿಂಗ್ ಮೂರನ್ನೂ ಮುಂದಿಟ್ಟೆ. ನಗುತ್ತ ಕರಿಬು ಎಂದು ಸ್ವಾಗತಿಸಿ ಬಿಟ್ಟರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಆ ಒಂದು ಹಾಳೆ ಎಷ್ಟು ಕಡೆ ಉಪಯೋಗಕ್ಕೆ ಬಂತೆಂದು ಹೇಳತೀರದು.

ಇಲ್ಲಿ ಪ್ಲಾಸ್ಟಿಕ್ ಬಗ್ಗೆ ಹೇಳಲೇಬೇಕು. ಮಳೆ, ಧೂಳಿಗೆಂದು ಲೆನ್ಸನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ಸುತ್ತುವುದು ನಮ್ಮೆಲ್ಲರ ರೂಢಿ. ಕೀನ್ಯಾದಲ್ಲಿ 2017ರ ಆಗಸ್ಟ್ 28ರಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ, ದಂಡವೂ ದೊಡ್ಡದು. 2020ರ ಜೂನ್‌ನಿಂದ ಸಂರಕ್ಷಿತ ಕಾಡುಗಳೊಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕೂ ಇಲ್ಲ. ನಾನು ಹಳೆಯ ಪಂಚೆಯ ತುಂಡಿನಲ್ಲಿ ಎರಡು ಚೀಲ ಹೊಲಿಸಿಕೊಂಡು ಹೋಗಿದ್ದೆ, ಮಾರಾದ ಧೂಳಿಗೆ ಅವು ಪ್ಲಾಸ್ಟಿಕ್ಕಿಗಿಂತ ಚೆನ್ನಾಗಿ ಒದಗಿದವು.

ಮರುದಿನ ವಿಲ್ಸನ್ ನಿಲ್ದಾಣದಿಂದ ಪುಟ್ಟ ವಿಮಾನ. ಬಹಳ ಜನರಿಗೆ ಗೊತ್ತಿಲ್ಲದ ಅಡ್ಡಿ ಇಲ್ಲಿದೆ. ಮಾರಾದ ಹುಲ್ಲುಗಾವಲಿನ ಓಡುದಾರಿಗಳಿಗೆ ಹೋಗುವ ಈ ವಿಮಾನಗಳಲ್ಲಿ ಒಬ್ಬರಿಗೆ 15 ಕಿಲೊ, ಅದು ಕೈಚೀಲವೂ ಸೇರಿ. ಗಟ್ಟಿ ಪೆಟ್ಟಿಗೆ ಬೇಡ, ಮೆತ್ತನೆಯ ಚೀಲವೇ ಆಗಬೇಕು. ನಾವು ಸೂಟ್‌ಕೇಸುಗಳನ್ನು ನೈರೋಬಿಯ ವಸತಿಗೃಹದಲ್ಲೇ ಬಿಟ್ಟು, ಬಟ್ಟೆ ಕಡಿಮೆ ಮಾಡಿ ಬಟ್ಟೆಚೀಲಕ್ಕೆ ತುಂಬಿಕೊಂಡೆವು. ದೊಡ್ಡ 600 ಎಫ್ 4 ಲೆನ್ಸು ಒಯ್ಯುವವರು ಹೆಚ್ಚುವರಿ ತೂಕವನ್ನೋ ಇನ್ನೊಂದು ಸೀಟನ್ನೋ ಮೊದಲೇ ಕಾಯ್ದಿರಿಸಿ, ಇಲ್ಲವಾದರೆ ನರೋಕ್ ಮಾರ್ಗವಾಗಿ ರಸ್ತೆಯಲ್ಲಿ ಹೋಗಿ. ಐದಾರು ಗಂಟೆಯ ಪ್ರಯಾಣ, ಖರ್ಚು ಕಡಿಮೆ, ತೂಕದ ಚಿಂತೆಯಿಲ್ಲ. ಮರಳುವಾಗ ನಾವು ಹಾಗೇ ಬಂದೆವು.

ಮಾರಾದ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಹಿಂದಿರುಗುವ ಮುನ್ನ ಬೀನ್‌ಬ್ಯಾಗಿನ ಬೀಜಗಳನ್ನು ಕ್ಯಾಂಪಿಗೇ ಸುರಿದು ಕೊಟ್ಟೆವು. ಕಾಳು, ಬೀಜಗಳನ್ನು ಭಾರತಕ್ಕೆ ತರಲು 2003ರ ಸಸ್ಯ ಸಂಗರೋಧ ಆದೇಶದ ಕಟ್ಟುಪಾಡುಗಳಿವೆ. ನೈರೋಬಿಯಲ್ಲಿ ತಪಾಸಣೆ ರಸ್ತೆಯಿಂದಲೇ ಶುರು. ನಿಲ್ದಾಣ ಇನ್ನೂ ದೂರ ಇರುವಾಗಲೇ ಕಾರಿನಿಂದ ಇಳಿಸಿ ಪ್ರಯಾಣಿಕರನ್ನು ನಡೆಸಿ ನೋಡುತ್ತಾರೆ, ಕಾರು ಬೇರೆ ದಾರಿಯಲ್ಲಿ ಬರುತ್ತದೆ. ಕ್ಯಾಮೆರಾ ಚೀಲವನ್ನು ಕಾರಿನಲ್ಲಿ ಬಿಡದೆ ಹೆಗಲಿಗೆ ಹಾಕಿಕೊಂಡೇ ಇಳಿದೆ. ಆಮೇಲೆ ಟರ್ಮಿನಲ್ ಬಾಗಿಲಲ್ಲಿ ಎಲ್ಲ ಸಾಮಾನಿಗೂ ಎಕ್ಸ್-ರೇ, ಒಳಗೆ ಮತ್ತೆ. ಪ್ರತಿ ಸಲವೂ ಗೆಳೆಯ ಫಿಲ್ಮ್ ಚೀಲ ಹಿಡಿದು ಕೈಯಿಂದ ನೋಡಿ ಎಂದು ಕೇಳಬೇಕಾಯಿತು. ಬಾಗಿಲಲ್ಲಿ ಒಪ್ಪಲಿಲ್ಲ, ಹಳೆಯ ಎಕ್ಸ್-ರೇಯಲ್ಲೇ ಹೋಯಿತು. ಆ ಮಾದರಿಯ ಯಂತ್ರದಲ್ಲಿ ಒಂದೆರಡು ಸಲ ಹೋದರೆ 400ರ ಫಿಲ್ಮಿಗೆ ಕಾಣುವಂಥ ಹಾನಿ ಆಗುವುದಿಲ್ಲ ಎಂಬ ಧೈರ್ಯ ಅವನಿಗಿತ್ತು. ತೊಳೆಸಿದ ಮೇಲೆ ನೋಡಿದೆವು, ಚೆನ್ನಾಗಿಯೇ ಬಂದಿವೆ.

ಮರಳುವಾಗ ಬಟ್ಟೆಗಳನ್ನು ಮೈಮೇಲೆ ಹಾಕಿಕೊಂಡು, ಚಾರ್ಜರುಗಳನ್ನು ಚೆಕ್-ಇನ್ ಪೆಟ್ಟಿಗೆಗೆ ಸರಿಸಿ ಕೈಚೀಲವನ್ನು ಮೊದಲೇ ಹಗುರ ಮಾಡಿದ್ದೆವು. ಚಾರ್ಜರು, ಕೇಬಲ್ಲು ಕೆಳಗೆ ಹೋಗಬಹುದು, ಬ್ಯಾಟರಿಯಷ್ಟೇ ಹೋಗಬಾರದು. ಫೋಟೊಗಳ ಒಂದು ಪ್ರತಿ ನನ್ನ ಡಿಸ್ಕಿನಲ್ಲಿ, ಇನ್ನೊಂದು ಗೆಳೆಯನ ಚೀಲದಲ್ಲಿ, ಕಾರ್ಡುಗಳು ನನ್ನ ಜೇಬಿನಲ್ಲಿ. ಕ್ಯಾಮೆರಾ ಕಳೆದರೆ ಮತ್ತೆ ಕೊಳ್ಳಬಹುದು, ನೈಲ್ ಮೊಸಳೆಯ ಬಾಯಿಂದ ತಪ್ಪಿಸಿಕೊಂಡ ಆ ಜೀಬ್ರಾ ಮರಿಯ ಚಿತ್ರ ಮತ್ತೆ ಸಿಗುವುದಿಲ್ಲ.

ಬೆಂಗಳೂರಿನಲ್ಲಿ ಮೊದಲು ಆರೋಗ್ಯ ಸಿಬ್ಬಂದಿ ಹಳದಿ ಜ್ವರದ ಪುಸ್ತಕ ನೋಡಿದರು, ಆಮೇಲೆ ಇಮಿಗ್ರೇಶನ್. ಕಸ್ಟಮ್ಸ್ ಬಳಿ ನಮ್ಮಿಬ್ಬರ ಚೀಲಗಳನ್ನೂ ಪಕ್ಕಕ್ಕೆ ಕರೆದರು. ಉದ್ದ ಲೆನ್ಸು ಎಕ್ಸ್-ರೇಯಲ್ಲಿ ಕಂಡಿತ್ತು. ಎಲ್ಲಿ ಕೊಂಡದ್ದು ಎಂದರು. ಮುದ್ರೆ ಹಾಕಿದ ಸರ್ಟಿಫಿಕೇಟ್ ಕೊಟ್ಟೆ. ಲೆನ್ಸಿನ ನಂಬರೊಂದನ್ನು ತಾಳೆ ನೋಡಿ, ಗೆಳೆಯನ ಬಿಲ್ಲಿಲ್ಲದ ಹಳೆಯ ಲೆನ್ಸನ್ನೂ ಪಟ್ಟಿಯಲ್ಲಿ ಕಂಡು, ಸರಿ ಎಂದು ಕೈಬೀಸಿದರು. ನಮ್ಮ ಪಕ್ಕದಲ್ಲೇ ಇನ್ನೊಬ್ಬ ಪ್ರಯಾಣಿಕರು ತಮ್ಮ ಕ್ಯಾಮೆರಾವನ್ನು ಇಲ್ಲಿಂದಲೇ ಒಯ್ದದ್ದು ಎಂದು ಹೇಳುತ್ತ, ಹಳೆಯ ಇಮೇಲುಗಳಲ್ಲಿ ಬಿಲ್ಲು ಹುಡುಕುತ್ತ ನಿಂತಿದ್ದರು. ನಾವು ಫ್ಲೈಬಸ್ಸಿನ ಸಮಯ ವಿಚಾರಿಸಲು ಹೊರಟಾಗಲೂ ಅವರು ಅಲ್ಲೇ ಇದ್ದರು.

ನನ್ನ ಪಟ್ಟಿಯ ನಮೂನೆ ಬೇಕಾದವರು ಕೇಳಿ, ಕಳಿಸುತ್ತೇನೆ. ನಿಮ್ಮ ಸೀರಿಯಲ್ ನಂಬರು ತುಂಬಿ ಮೂರು ಪ್ರತಿ ತೆಗೆದಿಟ್ಟುಕೊಳ್ಳಿ: ಒಂದು ಕಸ್ಟಮ್ಸ್‌ಗೆ, ಒಂದು ಚೀಲಕ್ಕೆ, ಒಂದು ಮನೆಗೆ.